ಬಾ ತಾತಾ, ಬಾ ಮಾಯೋ

ಬಳ್ಳಾರಿಯ ನಮ್ಮ ನಿವೃತ್ತರ ಕೂಟದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆದು ಕೊಡಿ ಅಂದರು. ಮಾತಾಡಿದ ಹಾಗೇ ಬರೆದಿದ್ದೇನೆ, ನಡುವೆ ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ. ಯಜಮಾನರು ಹಿಂದಿನ ಸಾಲಲ್ಲಿ ಕೂತು ಎರಡು ಕಡೆ ನನ್ನನ್ನು ತಿದ್ದಿದರು, ಅದನ್ನ ಮಾತ್ರ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲಾಂದ್ರೆ ಕೊನೆಗೆ ಯಾರಾದರೂ ಕೇಳೇ ಕೇಳುತ್ತಾರೆ. ಮಿಷನರಿಗಳಾಗಿ ಆಫ್ರಿಕಾಕ್ಕೆ ಹೋಗಿದ್ದೆವು ಅಂದ ತಕ್ಷಣ ಜನ ಕೇಳೋದು ಒಂದೇ: "ಎಷ್ಟು ಮಂದಿನ ಮತಾಂತರ ಮಾಡಿದ್ರಿ?" ಒಬ್ಬರನ್ನೂ ಇಲ್ಲ. ನಾವಿದ್ದದ್ದು ಜಾಂಬಿಯಾದಲ್ಲಿ. 1991ರಲ್ಲೇ ತನ್ನನ್ನು ಕ್ರೈಸ್ತ ರಾಷ್ಟ್ರ ಅಂತ ಘೋಷಿಸಿಕೊಂಡ ದೇಶ ಅದು. ಭಾನುವಾರದ ಆರಾಧನೆ ಅಲ್ಲಿ ಮೂರು ತಾಸು ಆದರೂ ಮುಗಿಯಲ್ಲ. ಕಾಣಿಕೆ ಹಾಕೋದಕ್ಕೆ ಜನ ಕುಣಿಯುತ್ತಾ ಮುಂದೆ ಹೋಗುತ್ತಾರೆ. ಇಲ್ಲಿ ಪ್ರಸಂಗ ಶುರುವಾದ ಹತ್ತು ನಿಮಿಷಕ್ಕೆ ತೂಕಡಿಸುತ್ತಿದ್ದ ನಮ್ಮ ಯಜಮಾನರು ಅಲ್ಲಿ ಅರವತ್ತೆರಡನೇ ವಯಸ್ಸಲ್ಲಿ ಸೊಂಟ ಆಡಿಸಿಕೊಂಡು ಕಾಣಿಕೆ ಹಾಕಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ಅಂಥವರಿಗೆ ನಾವು ಹೋಗಿ ಏನು ಹೇಳೋದು?

ಹಾಗಾದರೆ ಯಾಕೆ ಹೋದಿರಿ? ಇವರು ಬ್ಯಾಂಕಲ್ಲಿ ಮೂವತ್ತೈದು ವರ್ಷ ಲೆಕ್ಕ ನೋಡಿದವರು, ನಾನು ಹೈಸ್ಕೂಲ್ ಟೀಚರ್. ಇಬ್ಬರೂ ರಿಟೈರ್ ಆದೆವು, ಮಕ್ಕಳು ಬೆಂಗಳೂರು ಸೇರಿದರು. ಜಾಂಬಿಯಾದ ಚರ್ಚ್ ಸಭೆಯವರು ನಡೆಸುವ ಒಂದು ತರಬೇತಿ ಕಾಲೇಜಿಗೆ ಲೆಕ್ಕ ಬರೆಯೋರು, ಲೈಬ್ರರಿ ಜೋಡಿಸೋರು ಬೇಕಿತ್ತು. ವಯಸ್ಸಾದ ಗಂಡ ಹೆಂಡತಿ ಆದರೆ ಒಳ್ಳೇದು, ಸಂಬಳ ಇಲ್ಲ, ಮನೆ ಕೊಡುತ್ತಾರೆ, ಊಟ ನಿಮ್ಮದು, ಹದಿನೆಂಟು ತಿಂಗಳು ಅಂತ ಸುದ್ದಿ ಬಂತು. ಇವರು ನನ್ನ ಮುಖ ನೋಡಿದರು. ನಾನು "ಹೂಂ" ಅಂದೆ. ಪೂರ್ತಿ ಯೋಚನೆ ಮಾಡಿದ್ದರೆ ಅನ್ನುತ್ತಿರಲಿಲ್ಲವೇನೋ.

ಸಂಬಂಧ ಇಲ್ಲದ ಊರೇನಲ್ಲ ಅದು. 1810ರಲ್ಲಿ ನಮ್ಮ ಬಳ್ಳಾರಿಗೆ ಜಾನ್ ಹ್ಯಾಂಡ್ಸ್ ಬಂದದ್ದು ಲಂಡನ್ ಮಿಷನ್ ಕಡೆಯಿಂದ. ಇಲ್ಲೇ ಕೂತು ಕನ್ನಡ ಕಲಿತು ಬೈಬಲ್ಲನ್ನು ಕನ್ನಡಕ್ಕೆ ತಂದವರು. ಅವರ ಜೊತೆಗಿದ್ದ ವಿಲಿಯಂ ರೀವ್ ಕನ್ನಡ ಇಂಗ್ಲಿಷ್ ನಿಘಂಟು ಮಾಡಿದವರು. ಮುಂದೆ 1840ರ ಕೊನೆಗೆ ಅದೇ ಲಂಡನ್ ಮಿಷನ್ ಡೇವಿಡ್ ಲಿವಿಂಗ್‌ಸ್ಟನ್ ಅವರನ್ನು ಆಫ್ರಿಕಾಕ್ಕೆ ಕಳಿಸಿತು. ಇಲ್ಲಿನ ಸಭೆಗಳು 1947ರಲ್ಲಿ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಆದವು, ಅಲ್ಲಿಯವು 1965ರಲ್ಲಿ ಯುನೈಟೆಡ್ ಚರ್ಚ್ ಆಫ್ ಜಾಂಬಿಯಾ ಆದವು. ಒಂದೇ ತವರಿನ ಅಕ್ಕತಂಗಿಯರನ್ನು ಬೇರೆ ಬೇರೆ ಊರಿಗೆ ಕೊಟ್ಟ ಹಾಗೆ.

2018ರ ಜನವರಿಯಲ್ಲಿ ದುಬೈ ಮೇಲೆ ಲುಸಾಕಾದಲ್ಲಿ ಇಳಿದೆವು. ನಮ್ಮ ಟೈಮು ಅವರಿಗಿಂತ ಮೂರೂವರೆ ತಾಸು ಮುಂದೆ. ಇಳಿದ ದಿನವೇ ಒಂದು ಪೇಚು. ರಾಜಧಾನಿಯಲ್ಲಿ ಆಗ ಕಾಲರಾ, ಯಾರೂ ಕೈ ಕುಲುಕುವ ಹಾಗಿಲ್ಲ. ಕರೆದುಕೊಂಡು ಹೋಗಲು ಬಂದವರಿಗೆ ಇವರು ಕೈ ಚಾಚಿದರೆ ಅವರು ಹಿಂದೆ ಸರಿದರು. ಇವರಿಗೆ ಮುಖ ಸಣ್ಣದಾಯ್ತು. ನಾನು ಸುಮ್ನೆ ಎರಡೂ ಕೈ ಜೋಡಿಸಿದೆ, ಅವರೂ ಖುಷಿಯಾಗಿ ಕೈ ಜೋಡಿಸಿದರು. ಅಷ್ಟು ಹೊತ್ತಿಗೆ ನಮ್ಮ ನಮಸ್ಕಾರ ಉಪಯೋಗಕ್ಕೆ ಬಂತು.

ಲುಸಾಕಾದಿಂದ ಉತ್ತರಕ್ಕೆ ಐದಾರು ತಾಸು ಹೋದರೆ ಕಿಟ್ವೆ. ತಾಮ್ರದ ಗಣಿಗಳ ಊರು. ಊರೊಳಗೆ ಬರುತ್ತಾ ಮೊದಲು ಕಂಡದ್ದು ಗಣಿಯ ಕರಿ ಕಸದ ಗುಡ್ಡ. ಬ್ಲ್ಯಾಕ್ ಮೌಂಟನ್ ಅಂತಾರೆ. ಇವರು ನನ್ನ ಕಡೆ ತಿರುಗಿ "ನಮ್ಮದು ಕೆಂಪು, ಇವರದ್ದು ಕಪ್ಪು" ಅಂದರು. ಸಂಡೂರಿನ ಅದಿರು ಲಾರಿಗಳ ಧೂಳು ಕುಡಿದು ಬೆಳೆದವರಿಗೆ ಗಣಿ ಊರು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ ಅಲ್ವಾ. ದುಡ್ಡು ಬರುತ್ತೆ, ಹೋಗುತ್ತೆ, ಧೂಳು ಮಾತ್ರ ಉಳಿಯುತ್ತೆ. ನಾವು ಹೋದ ವರ್ಷದ ಜೂನ್‌ನಲ್ಲೇ ಆ ಕರಿಗುಡ್ಡ ಒಂದು ಕಡೆ ಕುಸಿದು, ಅಲ್ಲಿ ತಾಮ್ರ ಆಯುತ್ತಿದ್ದ ಹತ್ತು ಜನ ಸತ್ತರು. ಅವತ್ತು ಇಡೀ ಊರು ಸುಮ್ಮನಾಗಿತ್ತು.

ಹೆಸರಿನ ಕತೆ ಹೇಳಲೇಬೇಕು. ಅಲ್ಲಿ ಆಡೋ ಭಾಷೆ ಬೆಂಬಾ. ದೊಡ್ಡವರನ್ನು ಕರೆಯುವಾಗ ಮುಂದೆ "ಬಾ" ಸೇರಿಸುತ್ತಾರೆ, ಅದು ಗೌರವಕ್ಕೆ. ಮೊದಲನೇ ವಾರ ಒಬ್ಬ ಮೂವತ್ತು ವರ್ಷದ ಗಂಡಸು, ಗಡ್ಡ ಬಿಟ್ಟವನು, ಗೇಟಲ್ಲಿ ನಿಂತು ನಮ್ಮವರನ್ನು "ಬಾ ತಾತಾ!" ಅಂತ ಕರೆದ. ಇವರು ಒಳಗೆ ಬಂದು ಕನ್ನಡಿ ನೋಡಿಕೊಂಡರು. "ನಾನು ಅಷ್ಟು ಮುದುಕ ಆದ್ನಾ? ಅದೂ ಏಕವಚನದಲ್ಲಿ ಬಾ ಅಂತಾನಲ್ಲ!" ಎರಡು ದಿನ ಆದ ಮೇಲೆ ಗೊತ್ತಾಯ್ತು, ಬೆಂಬಾದಲ್ಲಿ ತಾತಾ ಅಂದರೆ ಅಪ್ಪ. ನಾನು ಬಾ ಮಾಯೋ, ಅಂದರೆ ಅಮ್ಮ. ಆಮೇಲೆ ಇವರು ಯಾರು ಬಾ ತಾತಾ ಅಂದರೂ "ಬಂದೆ ಬಂದೆ" ಅಂತ ಕನ್ನಡದಲ್ಲೇ ಹೇಳುತ್ತಿದ್ದರು. ಬೀದಿ ಹುಡುಗರು ಅದನ್ನೇ ಕಲಿತು ಇವರನ್ನು ಕಂಡಾಗಲೆಲ್ಲ "ಬಂದೆ ಬಂದೆ" ಅಂತ ಕೂಗುತ್ತಿದ್ದವು.

ಇನ್ನೊಂದು ಪದ ನನಗೆ ತುಂಬಾ ಇಷ್ಟ. ಮುಕ್ವಾಯಿ. ಮಾತಿನ ಕೊನೆಗೆ ಸೇರಿಸುತ್ತಾರೆ, ನಾವು "ರೀ" ಅನ್ನುವ ಹಾಗೆ. "ಮ್ವಾಶಿಬುಕೇನಿ ಮುಕ್ವಾಯಿ", ಅಂದರೆ ಎದ್ದಿರಾ ರೀ. ಬೆಳಗಿನ ನಮಸ್ಕಾರ ಅದು. ಅಂಗಡಿಗೆ ಹೋಗಿ ನೇರ "ಟೊಮೆಟೊ ಎಷ್ಟು" ಅಂದರೆ ಅವರಿಗೆ ಬೇಜಾರು. ಮೊದಲು ಎದ್ದಿರಾ, ಮನೆಯಲ್ಲಿ ಹೇಗಿದ್ದಾರೆ, ಆಮೇಲೆ ಟೊಮೆಟೊ.

ದಿನಚರಿ ಅಂದರೆ ದೊಡ್ಡದೇನಿಲ್ಲ. ಬೆಳಗ್ಗೆ ಐದೂವರೆಗೆ ಪಕ್ಕದ ಮನೆಯಾಕೆ ಅಂಗಳ ಗುಡಿಸುವ ಸದ್ದಿಗೆ ಎಚ್ಚರ. ಅಲ್ಲೂ ಹಾಗೇ, ಬರೀ ಮಣ್ಣಿನ ಅಂಗಳ, ಪೊರಕೆ ಗೆರೆ ಕಾಣಬೇಕು. ಎಂಟಕ್ಕೆ ಇವರು ಕಾಲೇಜಿನ ಲೆಕ್ಕದ ಪುಸ್ತಕದ ಮುಂದೆ, ನಾನು ಲೈಬ್ರರಿಯಲ್ಲಿ. ಲೈಬ್ರರಿ ಅಂದರೆ ಮೂರು ಕೋಣೆ, ದಾನಕ್ಕೆ ಬಂದ ಪುಸ್ತಕ, ಅರ್ಧ ಗೆದ್ದಲು. ಮಧ್ಯಾಹ್ನ ವಿದ್ಯಾರ್ಥಿಗಳ ಹೆಂಡತಿಯರಿಗೆ ಹೊಲಿಗೆ. ಸಂಜೆ ಮೊಮ್ಮಗನಿಗೆ ವಿಡಿಯೊ ಕಾಲ್, ಅಷ್ಟೊತ್ತಿಗೆ ಇಲ್ಲಿ ರಾತ್ರಿ ಆಗಿರುತ್ತಿತ್ತು, ಅವನು ನಿದ್ದೆಗಣ್ಣಲ್ಲಿ "ಅಜ್ಜಿ, ಸಿಂಹ ನೋಡಿದ್ಯಾ?" ಅಂತಿದ್ದ. ಹದಿನೆಂಟು ತಿಂಗಳಲ್ಲಿ ಒಂದು ಸಿಂಹವನ್ನೂ ನೋಡಲಿಲ್ಲ. ಕೋತಿ ನೋಡಿದೆವು, ಅವು ಹಂಪಿಯಲ್ಲಿ ಇದಕ್ಕಿಂತ ಜಾಸ್ತಿ.

ಪಕ್ಕದ ಮನೆಯವರ ಟಿವಿಯಲ್ಲಿ ಹಿಂದಿ ಸೀರಿಯಲ್ಲುಗಳು, ಇಂಗ್ಲಿಷ್ ಮಾತು ಹಾಕಿದವು. ಊರಿಗೂರೇ ನೋಡುತ್ತೆ. ನಾನು ಅಂಗಳದಲ್ಲಿ ಕಾಟನ್ ಸೀರೆ ಉಟ್ಟು ಪಾತ್ರೆ ತೊಳೆಯುತ್ತಿದ್ದರೆ ಆಕೆ ಗಾಬರಿಯಿಂದ ಕೇಳಿದಳು: "ಬಾ ಮಾಯೋ, ನಿಮ್ಮ ಒಡವೆಗಳೆಲ್ಲ ಎಲ್ಲಿ? ಮಲಗುವಾಗಲೂ ಹಾಕಿಕೊಂಡಿರ್ತೀರಲ್ಲ?" ನಿಮ್ಮ ಅತ್ತೆ ವಿಷ ಹಾಕಿದ್ದರಾ ಅಂತಲೂ ಕೇಳಿದಳು. ನಮ್ಮತ್ತೆ ಹಾಕಿದ್ದು ಖಾರ ಮಾತ್ರ ಅಂದೆ.

ಈಗ ಊಟ. ಇದರ ಬಗ್ಗೆ ಮಾತಾಡಲು ಬಿಟ್ಟರೆ ರಾತ್ರಿ ಆಗುತ್ತೆ. ಅವರ ಮುಖ್ಯ ಊಟ ನ್ಶಿಮಾ, ಬೆಂಬಾದಲ್ಲಿ ಉಬ್ವಾಲಿ. ಬಿಳಿ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ಬಲಗೈಯಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ, ಆ ಗುಳಿಯಲ್ಲಿ ಪಲ್ಯ ಎತ್ತಿಕೊಳ್ಳಬೇಕು. ಎರಡು ಬ್ರೆಡ್ಡು, ಬಾಳೆಹಣ್ಣು, ಅನ್ನ ಎಲ್ಲ ತಿಂದರೂ ನ್ಶಿಮಾ ತಿನ್ನದಿದ್ದರೆ "ಇವತ್ತು ಊಟ ಆಗಿಲ್ಲ" ಅಂತಾರೆ. ನಮ್ಮ ಮಾವನವರೂ ಮದುವೆ ಮನೆಯಲ್ಲಿ ಹೊಟ್ಟೆ ತುಂಬಾ ತಿಂದು ಬಂದು, "ಒಂದು ರೊಟ್ಟಿ ಇದ್ರೆ ಕೊಡವ್ವ" ಅಂತಿದ್ದರು.

ಆದರೆ ನನಗೆ ರೊಟ್ಟಿ ಬೇಕಿತ್ತು. ಊರಿಂದ ತಂದಿದ್ದ ನಾಲ್ಕು ಕೆ.ಜಿ. ಜೋಳದ ಹಿಟ್ಟು ಒಂದೂವರೆ ತಿಂಗಳಿಗೆ ಮುಗಿಯಿತು. ಮೆಕ್ಕೆಜೋಳದ ಹಿಟ್ಟಿಗೆ ಎಸರು ಹಾಕಿ ನಾದಿದೆ. ಅಲ್ಲಿ ಎರಡು ಥರ ಹಿಟ್ಟು ಸಿಗುತ್ತೆ. ಬ್ರೇಕ್‌ಫಾಸ್ಟ್ ಅಂತ ನುಣ್ಣಗೆ ಬೆಳ್ಳಗೆ ಇರೋದು, ರೋಲರ್ ಅಂತ ತೌಡು ಇರೋದು. ನುಣ್ಣನೆಯದು ರೊಟ್ಟಿಗೆ ಬರೋದೇ ಇಲ್ಲ, ಬಡಿದರೆ ಬೇಸಿಗೆಯ ಕೆರೆ ಥರ ಬಿರುಕು. ರೋಲರ್ ಪರವಾಗಿಲ್ಲ. ನಾನು ಹಲಗೆ ಮೇಲೆ ಟಪ ಟಪ ಬಡಿಯುತ್ತಿದ್ದರೆ ಪಕ್ಕದ ಮನೆಯಾಕೆ ಓಡಿ ಬಂದಳು. ಗಂಡ ನನ್ನನ್ನು ಹೊಡೆಯುತ್ತಿದ್ದಾನೆ ಅಂದುಕೊಂಡಿದ್ದಳಂತೆ! ಇವರು ಪಾಪ ಮೂಲೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಾ ಕೂತಿದ್ದರು.

ಆಕೆಯೇ ನನ್ನನ್ನು ಚಿಸೊಕೋನೆ ಮಾರ್ಕೆಟ್ಟಿಗೆ ಕರೆದುಕೊಂಡು ಹೋದವಳು. ಕಿಟ್ವೆಯ ದೊಡ್ಡ ಸಂತೆ ಅದು. ಅಲ್ಲಿ ಒಂದು ಮೂಲೆಯಲ್ಲಿ ಚೀಲ ಬಿಚ್ಚಿಟ್ಟು ಕೂತಿದ್ದ ಮುದುಕಿಯ ಮುಂದೆ ನಾನು ನಿಂತೇಬಿಟ್ಟೆ. ಜೋಳ. ನಮ್ಮ ಜೋಳವೇ. ಸ್ವಲ್ಪ ಕೆಂಪಗಿತ್ತು. ಅಮಸಾಕಾ ಅಂದಳು. ಮೊದಲು ನಮ್ಮ ಅಜ್ಜಿಯರು ಇದನ್ನೇ ತಿನ್ನುತ್ತಿದ್ದರು, ಆಮೇಲೆ ಮೆಕ್ಕೆಜೋಳ ಬಂತು ಅಂದಳು ಪಕ್ಕದ ಮನೆಯಾಕೆ. ಮೆಕ್ಕೆಜೋಳ ಅಮೆರಿಕದಿಂದ ಬಂದದ್ದು, ಜೋಳ ಹುಟ್ಟಿದ್ದೇ ಆಫ್ರಿಕಾದಲ್ಲಿ, ಸುಡಾನ್ ಕಡೆ. ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ನಮ್ಮ ಎರೆ ಹೊಲಕ್ಕೆ ಬಂದ ಕಾಳು. ಸ್ಕೂಲಲ್ಲಿ ಪಾಠ ಮಾಡುವಾಗ "ಜೋಳ ನಮ್ಮ ಭಾಗದ ಪ್ರಮುಖ ಬೆಳೆ" ಅಂತ ಬೋರ್ಡ್ ಮೇಲೆ ಬರೆದವಳು ನಾನು, ಅದರ ತವರಿನವರ ಹತ್ತಿರ ಎರಡು ಕ್ವಾಚಾಗೆ ಚೌಕಾಸಿ ಮಾಡುತ್ತಾ ನಿಂತಿದ್ದೆ. ಒಂದು ಕ್ವಾಚಾ ಅಂದರೆ ಆಗ ಆರೇಳು ರೂಪಾಯಿ.

ಅದೇ ದಿನ ಇನ್ನೊಂದು ಸಿಕ್ಕಿತು. ಸೊಪ್ಪಿನ ಸಾಲಲ್ಲಿ ಒಂದು ಕಟ್ಟು ಎತ್ತಿ ಎಲೆ ಹರಿದು ಬಾಯಿಗೆ ಹಾಕಿಕೊಂಡೆ. ಹುಳಿ. ಕಣ್ಣು ಮುಚ್ಚಿದರೆ ನಮ್ಮಮ್ಮನ ಅಡುಗೆಮನೆ. ಪುಂಡಿ ಸೊಪ್ಪು! ಅವರು ಲುಮಾಂಡಾ ಅಂತಾರೆ. ನಾವು ಬೇಳೆ ಹಾಕಿ ಅಥವಾ ನುಚ್ಚು ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತೇವೆ, ಅವರು ಸೊಪ್ಪಿಗೆ ಕುಟ್ಟಿದ ಶೇಂಗಾ ಹಾಕಿ ಕುದಿಸುತ್ತಾರೆ. ಹಾಗೆ ಶೇಂಗಾ ಹಾಕಿದ ಸೊಪ್ಪಿನ ಪಲ್ಯಕ್ಕೆಲ್ಲ ಇಫಿಸಾಶಿ ಅಂತ ಹೆಸರು. ಕುಂಬಳದ ಎಲೆ, ಗೆಣಸಿನ ಎಲೆ, ರಾಜಗಿರಿ, ಯಾವುದಾದರೂ ಸರಿ. ಶೇಂಗಾ ಹಿಂಡಿ ತಿಂದು ಬೆಳೆದ ನನಗೆ ಇದರಲ್ಲಿ ತಕರಾರು ಏನಿರುತ್ತೆ? ಒಂದಿಷ್ಟು ಒಣಮೆಣಸಿನಕಾಯಿ ಕಡಿಮೆ ಅನಿಸಿತು, ಅಷ್ಟೇ. ಕಂಬಳಿಹುಳ ಹುರಿದದ್ದು ಮಾತ್ರ ನನ್ನಿಂದ ಆಗಲಿಲ್ಲ. ಇವರು ಎರಡು ತಿಂದು "ಕುರುಕುರು ಅಂತಿದೆ" ಅಂದರು. ಅವತ್ತು ಅವರ ಪಕ್ಕ ಕೂರಲಿಲ್ಲ ನಾನು.

ಸಲೌಲಾ ಬಗ್ಗೆ ಬಳ್ಳಾರಿಯವಳಾಗಿ ಹೇಳದೆ ಇದ್ದರೆ ತಪ್ಪಾಗುತ್ತೆ. ಸಲೌಲಾ ಅಂದರೆ ಬೆಂಬಾದಲ್ಲಿ ಕೆದಕಿ ಆರಿಸೋದು ಅಂತ. ಯೂರೋಪ್, ಅಮೆರಿಕದವರು ಉಟ್ಟು ಬಿಟ್ಟ ಬಟ್ಟೆ ದೊಡ್ಡ ದೊಡ್ಡ ಮೂಟೆಗಳಲ್ಲಿ ಬರುತ್ತೆ, ಸಂತೆಯಲ್ಲಿ ಮೂಟೆ ಬಿಚ್ಚುವ ಹೊತ್ತಿಗೆ ಹೆಂಗಸರು ಮುತ್ತಿಕೊಳ್ಳುತ್ತಾರೆ. ತೊಂಬತ್ತರ ದಶಕದಲ್ಲಿ ಆಮದು ಬಾಗಿಲು ತೆರೆದ ಮೇಲೆ ಅಲ್ಲಿನ ಬಟ್ಟೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ನಾನು ಜೀನ್ಸ್ ರಾಶಿಯ ಮುಂದೆ ಕೂತು ಒಂದೊಂದರ ಒಳಗಡೆ ತಿರುಗಿಸಿ ಹೊಲಿಗೆ ನೋಡಿದೆ. ನಮ್ಮ ಬೀದಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುವ ಮಷಿನ್ ಇರುವಾಗ ಕಣ್ಣು ಅಲ್ಲಿಗೇ ಹೋಗುತ್ತೆ. ಒಂದಾದರೂ ಬಳ್ಳಾರಿಯದು ಸಿಗುತ್ತಾ ಅಂತ ಹುಡುಕಿದೆ. ಸಿಗಲಿಲ್ಲ. ಆದರೆ ಇಂಥ ಮೂಟೆಗಳು ನಮ್ಮೂರಿಗೂ ಬಂದು ಬಿದ್ದರೆ ನಮ್ಮ ಹೊಲಿಗೆಯವರ ಗತಿ ಏನು ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ತಿರುಗಾಟದ ಬಗ್ಗೆ ಕೇಳಿದ್ದೀರಿ. ದೊಡ್ಡ ತಿರುಗಾಟ ಎರಡೇ. ಒಂದು ನ್ಡೋಲಾ ಹತ್ತಿರ, ನಮಗೆ ಅರವತ್ತು ಕಿಲೋಮೀಟರ್. 1961ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹಾಮರ್‌ಶೋಲ್ಡ್ ಅವರ ವಿಮಾನ ಬಿದ್ದ ಜಾಗ. ಪಕ್ಕದ ಕಾಂಗೊ ಜಗಳ ಬಿಡಿಸಲು ಬರುತ್ತಿದ್ದರು. ಕಾಡಿನ ನಡುವೆ ಒಂದು ಸ್ಮಾರಕ, ನಾವಿಬ್ಬರೇ ಇದ್ದೆವು. ಇವರು ಸ್ಕೂಲಲ್ಲಿ ಜನರಲ್ ನಾಲೆಜ್‌ಗೆ ಬಾಯಿಪಾಠ ಮಾಡಿದ ಹೆಸರಂತೆ ಅದು. ಚಪಾತಿ ಸುರುಳಿ ತಿಂದು ವಾಪಸ್ ಬಂದೆವು.

ಇನ್ನೊಂದು ವಿಕ್ಟೋರಿಯಾ ಜಲಪಾತ. ಕಿಟ್ವೆಯಿಂದ ಎಂಟುನೂರು ಕಿಲೋಮೀಟರ್ ಮೇಲೆ, ಬಸ್ಸಲ್ಲಿ ಹೋಗಿ ನನ್ನ ಸೊಂಟ ಸೊಂಟವಾಗಿ ಉಳಿಯಲಿಲ್ಲ. ಅಲ್ಲಿಯ ಹೆಸರು ಮೋಸಿ ಓವಾ ತುನ್ಯಾ, ಗುಡುಗುವ ಹೊಗೆ ಅಂತ. ಅಗಲ 1,708 ಮೀಟರ್, ಎತ್ತರ 108 ಮೀಟರ್. ನಾವು ಹೋದದ್ದು ಏಪ್ರಿಲ್‌ನಲ್ಲಿ, ಹೊಳೆ ತುಂಬಿರುತ್ತೆ. ತುಂಬಿದ್ದಾಗ ಹೋದರೆ ಒಂದು ತೊಂದರೆ, ಏನೂ ಕಾಣಲ್ಲ! ಬರೀ ನೀರಿನ ಹೊಗೆ, ಕೆಳಗಿಂದ ಮೇಲಕ್ಕೆ ಮಳೆ. ಬಾಡಿಗೆ ರೇನ್‌ಕೋಟ್ ಹಾಕಿಕೊಂಡು, ಕನ್ನಡಕ ಜೇಬಲ್ಲಿಟ್ಟು, ಇಬ್ಬರೂ ಕೈ ಹಿಡಿದುಕೊಂಡು ಸೇತುವೆ ದಾಟಿದೆವು. ಮದುವೆಯಾದ ಹೊಸದರಲ್ಲಿ ತುಂಗಭದ್ರಾ (ಟಿಬಿ) ಡ್ಯಾಮ್ ಗೇಟ್ ಬಿಟ್ಟಾಗ ನೋಡಲು ಹೋಗಿ ಕೈ ಹಿಡಿದದ್ದು, ಆಮೇಲೆ ಇದೇ.

1855ರ ನವೆಂಬರ್‌ನಲ್ಲಿ ಲಿವಿಂಗ್‌ಸ್ಟನ್ ಈ ಜಲಪಾತ ನೋಡಿದ್ದು. ಅವರ ಮೂರ್ತಿ ಅಲ್ಲಿದೆ. ನನಗೆ ಅವರಿಗಿಂತ ಜಾಸ್ತಿ ಮನಸ್ಸಿಗೆ ಹತ್ತಿರವಾದವರು ಚುಮಾ ಮತ್ತು ಸುಸಿ. 1873ರಲ್ಲಿ ಲಿವಿಂಗ್‌ಸ್ಟನ್ ಚಿಟಾಂಬೊನ ಊರಲ್ಲಿ ತೀರಿಕೊಂಡಾಗ ಜೊತೆಯಲ್ಲಿದ್ದವರು ಅವರು. ಹೃದಯವನ್ನು ಅಲ್ಲೇ ಹೂತು, ದೇಹವನ್ನು ಒಣಗಿಸಿ, ಸುತ್ತಿ, ಸಾವಿರ ಮೈಲಿಗೂ ಜಾಸ್ತಿ ಹೊತ್ತುಕೊಂಡು ಸಮುದ್ರ ತೀರಕ್ಕೆ ಮುಟ್ಟಿಸಿದರು. ಲಂಡನ್‌ನಲ್ಲಿ ದೊಡ್ಡ ಮಣ್ಣು ಆಯ್ತು. ಹೊತ್ತವರ ಹೆಸರನ್ನು ನಾವು ಯಾವ ಪಾಠದಲ್ಲೂ ಓದಲಿಲ್ಲ, ನಾನು ಮಕ್ಕಳಿಗೆ ಹೇಳಿಕೊಡಲೂ ಇಲ್ಲ.

ಇನ್ನು ಉಳಿದ ತಿರುಗಾಟ ಎಲ್ಲ ಸಾವಿನ ಮನೆಗೆ. ನಗಬೇಡಿ, ನಿಜ. ಶನಿವಾರ ಬಂತು ಅಂದರೆ ಯಾರದೋ ಮನೆಯಲ್ಲಿ ಸಾವು. ಮೊದಲನೇ ಸಲ ನಾವು ಇಲ್ಲಿಯ ಹಾಗೇ ಹೋದೆವು. ಇಪ್ಪತ್ತು ನಿಮಿಷ ಕೂತೆವು, ಮನೆಯವರಿಗೆ ಎರಡು ಮಾತು ಹೇಳಿದೆವು, ಒಂದು ಕವರ್ ಕೊಟ್ಟೆವು, ಎದ್ದು ಬಂದೆವು. ಇವರಿಗೆ ಲೆಕ್ಕ ಮುಗಿಸುವ ತರಾತುರಿ ಬೇರೆ. ಮಾರನೇ ದಿನ ಪಕ್ಕದ ಮನೆಯಾಕೆ ಬಂದು ನಮ್ಮ ಬಾಗಿಲಲ್ಲಿ ಕೂತಳು. ಆ ಮಾತು ಈ ಮಾತು ಆದ ಮೇಲೆ ಮೆಲ್ಲಗೆ ಅಂದಳು: "ಬಾ ಮಾಯೋ, ನಿನ್ನೆ ನೀವು ಬಂದಿರಿ. ಕೂರಲಿಲ್ಲ." ನನಗೆ ಕೋಪ ಬಂತು. ಬಂದು ಕೂತಿದ್ದೆನಲ್ಲ, ಕುರ್ಚಿ ಕೊಟ್ಟಿದ್ದರಲ್ಲ! ಅದೇ ತಪ್ಪಂತೆ. ಕುರ್ಚಿ ಮೇಲೆ ಕೂತದ್ದು.

ಮುಂದಿನ ಸಾವಿಗೆ ಆಕೆ ನನಗೆ ತನ್ನದೇ ಒಂದು ಚಿಟೆಂಗೆ ಕೊಟ್ಟಳು. ಎರಡು ಮೀಟರ್ ಹೂವಿನ ಬಟ್ಟೆ, ಸೊಂಟಕ್ಕೆ ಸುತ್ತಿಕೊಳ್ಳೋದು. ಸೀರೆ ಮೇಲೆಯೇ ಸುತ್ತಿಕೊಂಡೆ. ಕುರ್ಚಿ, ಸೋಫಾ ಎಲ್ಲ ಹೊರಗೆ ಹಾಕಿ ಕೋಣೆ ಖಾಲಿ ಮಾಡಿದ್ದರು. ಹೆಂಗಸರೆಲ್ಲ ಒಳಗೆ ನೆಲದ ಮೇಲೆ, ಗಂಡಸರು ಹೊರಗೆ ಬೆಂಕಿ ಹಾಕಿಕೊಂಡು. ಹಾಡು, ಸುಮ್ಮನಿರೋದು, ಮತ್ತೆ ಹಾಡು. ನನಗೆ ಒಂದಕ್ಷರ ತಿಳಿಯದು. ಮಧ್ಯರಾತ್ರಿ ಯಾರೋ ನನ್ನ ಮುಂದೆ ಒಂದು ಬುಟ್ಟಿ ಉಳ್ಳಾಗಡ್ಡಿ, ಒಂದು ಮೊಂಡು ಚಾಕು ಇಟ್ಟರು. ಬೆಳಗಿನ ಅಡುಗೆಗೆ. ನಾನು ಸುಲಿಯುತ್ತಾ ಕೂತೆ. ಸತ್ತವರ ತಾಯಿ ನನ್ನ ಪಕ್ಕ ಬಂದು ನನ್ನ ಮೊಣಕಾಲಿಗೆ ತಲೆ ಆನಿಸಿ ಮಲಗಿದಳು. ಆಕೆಗೆ ನಾನು ಯಾರು ಅಂತಲೂ ಗೊತ್ತಿರಲಿಲ್ಲ. ಕಾಲು ಜೋಮು ಹಿಡಿಯಿತು, ಅಲ್ಲಾಡಿಸಲಿಲ್ಲ. ಬೆಳಕಾಗುವ ತನಕ ಉಳ್ಳಾಗಡ್ಡಿ ವಾಸನೆ, ಇಜ್ಜಲ ಹೊಗೆ, ಆ ಹೆಂಗಸಿನ ತಲೆಯ ಭಾರ. ಹೊರಗೆ ಇವರು ಬೆಂಕಿ ಹತ್ತಿರ ಕೋಟು ಹೊದ್ದು ಕೂತಿದ್ದರಂತೆ. ಜೂನ್ ತಿಂಗಳು, ಅಲ್ಲಿ ಅದೇ ಚಳಿಗಾಲ.

ಆಮೇಲೆ ನಮ್ಮನ್ನು ಜನ ನೋಡುವ ರೀತಿ ಬೇರೆಯಾಯ್ತು. ಕಾಲೇಜಲ್ಲಿ ಇವರು ಕಂಪ್ಯೂಟರಿಗೆ ಹತ್ತಿಸಿದ ಲೆಕ್ಕದ ಬಗ್ಗೆ ಯಾರೂ ಎರಡು ಮಾತು ಆಡಲಿಲ್ಲ. ನನ್ನ ಲೈಬ್ರರಿಗೆ ಮತ್ತೆ ಗೆದ್ದಲು ಹತ್ತಿದೆಯಂತೆ. ಬೀಳ್ಕೊಡುವ ದಿನ ಎದ್ದು ನಿಂತವರೆಲ್ಲ ಹೇಳಿದ್ದು ಒಂದೇ, ಇವರು ನಮ್ಮ ಸಾವಿಗೆ ಬಂದು ಕೂತಿದ್ದರು ಅಂತ. ಇವರಿಗೆ ಸ್ವಲ್ಪ ಬೇಜಾರಾಯ್ತು, ಪಾಪ. ಹದಿನೆಂಟು ತಿಂಗಳು ಲೆಕ್ಕ ಬರೆದದ್ದು!

ಒಬ್ಬರು ಕೇಳಿದರು, ನಿಮಗೆ ಅಲ್ಲಿ ಕಷ್ಟ ಆಗಲೇ ಇಲ್ವಾ ಅಂತ. ಆಯ್ತು. ಇವರಿಗೆ ಮಲೇರಿಯಾ ಬಂದು ಒಂದು ವಾರ ಮಲಗಿದರು. ನಾವು ವಾಪಸ್ ಬರುವ ಮುಂಚೆ 2019ರ ಜೂನ್‌ನಲ್ಲಿ ಕರೆಂಟ್ ಕಡಿತ ಶುರುವಾಯ್ತು. ಮಳೆ ಕೈಕೊಟ್ಟು ಕರೀಬಾ ಡ್ಯಾಮಿನಲ್ಲಿ ನೀರು ಇಳಿದಿತ್ತು, ಅವರ ಕರೆಂಟೆಲ್ಲ ಹೆಚ್ಚುಕಡಿಮೆ ನೀರಿನಿಂದಲೇ ಬರೋದು. ಎಂಬಾವುಲಾ ಅಂತ ಇಜ್ಜಲ ಒಲೆ ಕೊಂಡೆವು. ಅದರ ಮೇಲೆ ರೊಟ್ಟಿ ಗ್ಯಾಸಿಗಿಂತ ಚೆನ್ನಾಗಿ ಉಬ್ಬುತ್ತೆ, ಸುಳ್ಳಲ್ಲ. ಎಲ್ಲಕ್ಕಿಂತ ಕಷ್ಟ ಅಂದರೆ ಮೊಮ್ಮಗಳು ಹುಟ್ಟಿದಾಗ ಇಲ್ಲಿ ಇಲ್ಲದೆ ಹೋದದ್ದು. ಮಗಳು ಇನ್ನೂ ಅದನ್ನ ಎತ್ತಿ ಆಡುತ್ತಾಳೆ. ಆಡಲಿ.

ಹ್ಯಾಂಡ್ಸ್ ಬಗ್ಗೆ ಇನ್ನೊಂದು ಮಾತು. ಅವರ ಕೆಲಸ ಎಲ್ಲ ಪುಸ್ತಕದಲ್ಲಿದೆ, ತರ್ಜುಮೆ, ಶಾಲೆ. ನಾನು ಯೋಚಿಸೋದು, ಬಳ್ಳಾರಿಯ ಮೊದಲ ಬೇಸಿಗೆಯಲ್ಲಿ ಅವರು ಏನು ತಿಂದರು, ಬದನೆಕಾಯಿಗೆ ಬದನೆಕಾಯಿ ಅನ್ನಬೇಕು ಅಂತ ಯಾವ ಹೆಂಗಸು ಹೇಳಿಕೊಟ್ಟಳು, ಯಾರ ಮನೆಯಲ್ಲಿ ಕುರ್ಚಿ ಮೇಲೆ ಕೂತು ಅನ್ನಿಸಿಕೊಂಡರು ಅಂತ.

ಪುಂಡಿ ಬೀಜ ತಂದಿರಾ ಅಂತ ಅಕ್ಕನವರು ಕೇಳುತ್ತಿದ್ದಾರೆ. ಇಲ್ಲ ಅಕ್ಕ, ಬೀಜ ಹಾಗೆಲ್ಲ ತರುವಂತಿಲ್ಲ. ತಂದದ್ದು ಆ ಚಿಟೆಂಗೆ ಒಂದೇ. ಬಿಟ್ಟು ಬಂದದ್ದು ನನ್ನ ಕಬ್ಬಿಣದ ಹಂಚು, ಪಕ್ಕದ ಮನೆಯಾಕೆಗೆ. 2024ರ ಆಗಸ್ಟಲ್ಲಿ ಟಿಬಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದ ವಾರ ಆಕೆ ಫೋನ್ ಮಾಡಿದ್ದಳು. ಅವರ ಕಡೆ ಬರಗಾಲ, ದಿನಕ್ಕೆ ಕೆಲವೇ ತಾಸು ಕರೆಂಟು. ನಮ್ಮಲ್ಲಿ ನೀರು ಹಿಡಿಯೋಕೆ ಆಗದೆ ಹರಿದು ಹೋಗುತ್ತಿದೆ ಅಂದೆ. "ಇತ್ತ ಕಳಿಸಿ ಬಾ ಮಾಯೋ" ಅಂದಳು. ಇಜ್ಜಲ ಒಲೆ ಮೇಲೆ ಅಮಸಾಕಾ ರೊಟ್ಟಿ ಬಡಿದಿದ್ದೇನೆ ಅಂತ ಫೋಟೋ ಕಳಿಸಿದಳು. ದುಂಡಗೆ ಬಂದಿರಲಿಲ್ಲ. ಒಂದು ಕಡೆ ಉಬ್ಬಿ, ನಡುವೆ ಕಿರಿದಾಗಿ, ಇನ್ನೊಂದು ಕಡೆ ಚಾಚಿಕೊಂಡು, ಥೇಟ್ ಜಾಂಬಿಯಾದ ಮ್ಯಾಪ್ ಇದ್ದ ಹಾಗಿತ್ತು. ಹಾಗೇ ಬರೆದು ಕಳಿಸಿದೆ.